ಪಿಕಪ್ ಬದಲಿಸುವ ಮೊದಲು ಒಂದು ತುಂಡು ವೈರ್

ಪ್ರಶ್ನೆ: ನನ್ನ ಹತ್ತಿರ ಆರು ವರ್ಷ ಹಳೆಯ ಎಲೆಕ್ಟ್ರಿಕ್ ಗಿಟಾರ್ ಇದೆ. ಸ್ಟ್ರ್ಯಾಟೋಕಾಸ್ಟರ್ ಮಾದರಿಯದು. ತಂತಿಯ ದನಿ ಹಿಡಿಯುವ ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಒಂದು ವಾಲ್ಯೂಮ್ ನಾಬ್, ಎರಡು ಟೋನ್ ನಾಬ್. ಕೈಗೆ ಚೆನ್ನಾಗಿ ಒಗ್ಗಿದೆ. ಆದರೆ ಬ್ರಿಡ್ಜ್ ಪಿಕಪ್ ಕಿವಿಗೆ ಚುಚ್ಚುತ್ತದೆ. ವಾಲ್ಯೂಮ್ ಸ್ವಲ್ಪ ಇಳಿಸಿದರೆ ದನಿ ಮಂಕಾಗುತ್ತದೆ. ಜೊತೆಗೆ ಗುಂಯ್ ಅನ್ನುವ ಸದ್ದು ಬೇರೆ. ಒಬ್ಬ ಗೆಳೆಯ ಪಿಕಪ್ ಬದಲಿಸು ಅನ್ನುತ್ತಾನೆ. ಇನ್ನೊಬ್ಬ ಹಳೇ ಕಾಲದ ಆಯಿಲ್ ಕೆಪಾಸಿಟರ್ ಹಾಕಿಸು ಅನ್ನುತ್ತಾನೆ. ಮೂರನೆಯವನದು ಮೂಳೆಯ ನಟ್ ಮತ್ತು ಟ್ರೆಮೊಲೊಗೆ ಸ್ಟೀಲ್ ಬ್ಲಾಕ್. ಎಲ್ಲ ಸೇರಿದರೆ ಖರ್ಚು ಗಿಟಾರಿನ ಬೆಲೆಯನ್ನೇ ದಾಟುತ್ತದೆ. ಇಷ್ಟೆಲ್ಲ ಮಾಡಿದರೆ ಟೋನ್ ನಿಜಕ್ಕೂ ಸುಧಾರಿಸುತ್ತದೆಯೇ?

ಉತ್ತರ: ಮೂಗಿಗಿಂತ ಮೂಗುತಿ ಭಾರ ಆಗುವ ಹಂತಕ್ಕೆ ಬಂದು ನಿಂತಿದ್ದೀರಿ. ಗೆಳೆಯರ ಸಲಹೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಆ ಮೂರು ದೂರುಗಳು. ನನ್ನ ಹತ್ತಿರ ಗಿಟಾರ್ ತರುವ ಹೆಚ್ಚಿನವರು "ಟೋನ್ ಚೆನ್ನಾಗಿಲ್ಲ, ಏನು ಹಾಕಿಸಲಿ" ಅಂತ ಕೇಳುತ್ತಾರೆ ಅಷ್ಟೇ. ಚೆನ್ನಾಗಿಲ್ಲ ಅಂದರೆ ಏನು ಅಂತ ತಿರುಗಿ ಕೇಳಿದರೆ ಮಾತು ನಿಲ್ಲುತ್ತದೆ. ಬಿಡಿಭಾಗ ಬದಲಿಸಿದರೆ ಟೋನ್ ಬದಲಾಗಬಹುದು. ಅದು ಸುಧಾರಣೆ ಹೌದೋ ಅಲ್ಲವೋ ಅನ್ನುವುದನ್ನು ಬಿಡಿಭಾಗ ಹೇಳುವುದಿಲ್ಲ, ನಿಮಗೆ ಏನು ಬೇಕಿತ್ತು ಅನ್ನುವುದು ಹೇಳುತ್ತದೆ. ನಿಮಗೆ ಕೊನೇ ಪಕ್ಷ ಏನು ಬೇಡ ಅಂತ ಗೊತ್ತಿದೆ. ಆ ಮೂರು ದೂರುಗಳಲ್ಲಿ ಎರಡಕ್ಕೆ ಪಿಕಪ್‌ನ ತಪ್ಪು ಬಹುಶಃ ಏನೂ ಇಲ್ಲ.

ಮೊದಲು ಆ ಚುಚ್ಚುವ ಬ್ರಿಡ್ಜ್ ಪಿಕಪ್, ಅಂದರೆ ಗಿಟಾರಿನ ಮೈಮೇಲೆ ತಂತಿಗಳು ಕೂರುವ ಬ್ರಿಡ್ಜ್‌ನ ಪಕ್ಕದ್ದು. ಸ್ಟ್ರ್ಯಾಟೋಕಾಸ್ಟರ್ 1954ರಲ್ಲಿ ಬಂದಾಗ ಅದರಲ್ಲಿ ಎರಡು ಟೋನ್ ನಾಬ್ ಇದ್ದವು. ಒಂದು ಕುತ್ತಿಗೆಯ ಕಡೆಯ ಪಿಕಪ್‌ಗೆ, ಇನ್ನೊಂದು ಮಧ್ಯದ್ದಕ್ಕೆ. ಬ್ರಿಡ್ಜ್ ಪಿಕಪ್‌ಗೆ ಟೋನ್ ನಾಬ್ ಇರಲೇ ಇಲ್ಲ! ಆ ಮಾದರಿಯ ಎಷ್ಟೋ ಗಿಟಾರ್‌ಗಳು ಇವತ್ತಿಗೂ ಹಾಗೇ ಬರುತ್ತವೆ. ಮೂರರಲ್ಲಿ ಅತ್ಯಂತ ತೀಕ್ಷ್ಣವಾದ ಪಿಕಪ್ ಯಾವುದೋ, ಅದನ್ನೇ ತಗ್ಗಿಸುವ ದಾರಿ ಇಲ್ಲ. ಒಂದು ಪರೀಕ್ಷೆ ಮಾಡಿ. ಪಿಕಪ್ ಆರಿಸುವ ಸ್ವಿಚ್ಚನ್ನು ಬ್ರಿಡ್ಜ್ ಕಡೆಗೆ ಹಾಕಿ, ಎರಡೂ ಟೋನ್ ನಾಬ್‌ಗಳನ್ನು ಒಂದೊಂದಾಗಿ ಪೂರ್ತಿ ಇಳಿಸಿ. ದನಿ ಒಂದಿಷ್ಟೂ ಬದಲಾಗದಿದ್ದರೆ ನಿಮ್ಮ ಗಿಟಾರ್ ಕೂಡ ಆ ಜಾತಿಯದೇ.

ಇದಕ್ಕೆ ಮದ್ದು ಬೆರಳಗಲದ ಒಂದು ವೈರ್. ಸ್ವಿಚ್ಚಿನಲ್ಲಿ ಎರಡು ಗುಂಪು ಕಾಲುಗಳಿರುತ್ತವೆ. ಒಂದು ಗುಂಪಿಗೆ ಪಿಕಪ್‌ಗಳ ವೈರ್ ಬರುತ್ತದೆ, ಇನ್ನೊಂದರಿಂದ ಟೋನ್ ನಾಬ್‌ಗಳಿಗೆ ವೈರ್ ಹೋಗುತ್ತದೆ. ಟೋನ್ ಗುಂಪಿನಲ್ಲಿ ಬ್ರಿಡ್ಜ್‌ಗೆ ಸೇರಿದ ಕಾಲು ಖಾಲಿ ಇರುತ್ತದೆ. ಆ ಖಾಲಿ ಕಾಲಿಗೂ, ಮಧ್ಯದ ಪಿಕಪ್‌ನ ಟೋನ್ ವೈರ್ ಕೂತಿರುವ ಪಕ್ಕದ ಕಾಲಿಗೂ ಒಂದು ತುಂಡು ವೈರ್ ಬೆಸೆಯಿರಿ. ಇನ್ನು ಮೇಲೆ ಎರಡನೆಯ ಟೋನ್ ನಾಬ್ ಮಧ್ಯದ್ದಕ್ಕೂ ಬ್ರಿಡ್ಜ್‌ಗೂ ಕೆಲಸ ಮಾಡುತ್ತದೆ. ಇದರಲ್ಲೊಂದು ಸಣ್ಣ ಉಡುಗೊರೆಯೂ ಇದೆ. ನಾಬ್‌ನ ಕೆಳಗೆ ಪಾಟ್ ಅನ್ನುವ ಭಾಗ ಇರುತ್ತದೆ, ತಿರುಗಿಸಿದಾಗ ರೆಸಿಸ್ಟೆನ್ಸ್ ಬದಲಿಸುವುದು ಅದೇ. ನಾಬ್ ಪೂರ್ತಿ ಏರಿಸಿ 10ರಲ್ಲಿಟ್ಟರೂ ಆ ಪಾಟ್ ಪಿಕಪ್ ಮೇಲೆ ಸ್ವಲ್ಪ ಭಾರ ಹಾಕುತ್ತದೆ. ಚುಚ್ಚು ಅಷ್ಟರಮಟ್ಟಿಗೆ ಆಗಲೇ ಮೊಂಡಾಗುತ್ತದೆ. ಅಲ್ಲಿಂದ 7ಕ್ಕೋ 6ಕ್ಕೋ ಇಳಿಸಿ ಕೇಳಿ. ಇಷ್ಟು ವರ್ಷ ಈ ಪಿಕಪ್ ಯಾಕೆ ಮುಟ್ಟಲಿಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆ "ಭಾರ" ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೋನ್ ಎಲ್ಲಿ ಹುಟ್ಟುತ್ತದೆ ಅಂತ ಗೊತ್ತಾದರೆ ಯಾವ ಮಾಡ್ (ಗಿಟಾರಿಗೆ ಮಾಡಿಸುವ ಬದಲಾವಣೆ) ಕೆಲಸದ್ದು, ಯಾವುದು ಬರೀ ಮಾತು ಅಂತ ನೀವೇ ಹೇಳಬಲ್ಲಿರಿ.

ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ತಲೆಗೂದಲಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಇಂಥ ಸಿಂಗಲ್ ಕಾಯಿಲ್‌ನಲ್ಲಿ 7,500ರಿಂದ 8,000 ಸುತ್ತು ಸಾಮಾನ್ಯ. ಗಿಟಾರಿನ ಲೋಹದ ತಂತಿ ಅಯಸ್ಕಾಂತದ ಮೇಲೆ ಅಲುಗಾಡಿದಾಗ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಆದರೆ ಪಿಕಪ್ ಎಲ್ಲ ಸ್ವರಗಳನ್ನೂ ಸಮನಾಗಿ ಕಳಿಸುವುದಿಲ್ಲ. ಆ ಸುರುಳಿಗೆ ಇಂಡಕ್ಟೆನ್ಸ್ ಅನ್ನುವ ಗುಣ ಇದೆ, ಕೇಬಲ್‌ಗೆ ಕೆಪಾಸಿಟೆನ್ಸ್ ಇದೆ. ಎರಡೂ ಸೇರಿ ಒಂದು ಕಡೆ ದನಿಯನ್ನು ಉಬ್ಬಿಸುತ್ತವೆ, ಅದರಿಂದ ಮೇಲಕ್ಕೆ ತೀಕ್ಷ್ಣ ಸ್ವರಗಳು ಬೇಗ ಬೇಗ ಇಳಿದುಹೋಗುತ್ತವೆ. ಆ ಉಬ್ಬು ಎಲ್ಲಿದೆ, ಎಷ್ಟು ಎತ್ತರ ಇದೆ, ಇದೇ ಒಂದು ಪಿಕಪ್‌ನ ಗುಣದ ಬಹುಪಾಲು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಪಿಕಪ್‌ನ ಇಂಡಕ್ಟೆನ್ಸ್ 2.5 ಹೆನ್ರಿ ಅಂದುಕೊಳ್ಳಿ. ಸುರುಳಿಯ ಸ್ವಂತ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್. ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಸೇರಿಸುತ್ತದೆ. 3 ಮೀಟರ್ ಕೇಬಲ್ ಹಾಕಿದರೆ ಉಬ್ಬು 5,000 ಹರ್ಟ್ಸ್ ಹತ್ತಿರ ಬರುತ್ತದೆ. ಅದೇ ಕೇಬಲ್ 6 ಮೀಟರ್ ಆದರೆ 3,800ರ ಹತ್ತಿರಕ್ಕೆ ಇಳಿಯುತ್ತದೆ. ಕಿವಿಗೆ ಸ್ಪಷ್ಟವಾಗಿ ಗೊತ್ತಾಗುವ ಬದಲಾವಣೆ ಅದು. ಗಿಟಾರ್ ಬಿಚ್ಚಲೇ ಇಲ್ಲ, ಬೆಸುಗೆ ಕಡ್ಡಿ ಮುಟ್ಟಲಿಲ್ಲ, ಕೇಬಲ್ ಬದಲಿಸಿದ್ದು ಅಷ್ಟೇ. ನಿಮ್ಮ ಕೇಬಲ್ ತುಂಬಾ ಗಿಡ್ಡವಾಗಿದ್ದರೆ ಆ ಚುಚ್ಚಿಗೆ ಅದೂ ಒಂದು ಕಾರಣ ಇರಬಹುದು.

ಉಬ್ಬಿನ ಎತ್ತರವನ್ನು ತೀರ್ಮಾನಿಸುವುದು ಪಾಟ್‌ಗಳು. ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್ ಪಿಕಪ್‌ಗೆ 500 ಕಿಲೋ ಓಮ್ ಅನ್ನುವುದು ರೂಢಿ. ಪಾಟ್‌ನ ಓಮ್ ಸಂಖ್ಯೆ ಕಡಿಮೆ ಆದಷ್ಟೂ ಉಬ್ಬು ತಗ್ಗುತ್ತದೆ, ದನಿ ಮೆತ್ತಗಾಗುತ್ತದೆ. ಕೆಲವು ಗಿಟಾರ್‌ಗಳಲ್ಲಿ ಸಿಂಗಲ್ ಕಾಯಿಲ್‌ಗೂ 500ರ ಪಾಟ್ ಹಾಕಿರುತ್ತಾರೆ. ನಿಮ್ಮದನ್ನು ಬಿಚ್ಚಿದಾಗ ಪಾಟ್‌ನ ಬೆನ್ನು ನೋಡಿ, ಸಾಮಾನ್ಯವಾಗಿ ಸಂಖ್ಯೆ ಅಚ್ಚು ಹಾಕಿರುತ್ತಾರೆ. ಅದನ್ನೂ ಪೂರ್ತಿ ನಂಬಬೇಡಿ. ಪಾಟ್‌ಗಳಲ್ಲಿ 20 ಶೇಕಡಾ ಹೆಚ್ಚುಕಡಿಮೆ ಮಾಮೂಲು. 250 ಅಂತ ಬರೆದದ್ದು 200 ಇರಬಹುದು, 300 ಇರಬಹುದು. ಒಂದೇ ದಿನ, ಒಂದೇ ಕಾರ್ಖಾನೆಯಲ್ಲಿ ತಯಾರಾದ ಎರಡು ಗಿಟಾರ್‌ಗಳಲ್ಲಿ ಒಂದು ಮೊಂಡು, ಒಂದು ಚುರುಕು ಅನ್ನಿಸಲು ಇಷ್ಟೇ ಸಾಕು. ಜನ ಮರದ ಮಹಿಮೆ ಅಂತ ಹೊಗಳುತ್ತಾರೆ.

ಇನ್ನು ವಾಲ್ಯೂಮ್ ಇಳಿಸಿದಾಗ ಮಂಕಾಗುವುದು. ಇದು ನಿಮ್ಮ ಗಿಟಾರಿನ ದೋಷವಲ್ಲ, ವಾಲ್ಯೂಮ್ ಪಾಟ್ ಇರುವ ಎಲ್ಲ ಸಾಧಾರಣ ಗಿಟಾರ್‌ಗಳ ಸ್ವಭಾವ. ನಾಬ್ ಇಳಿಸಿದಾಗ ಪಿಕಪ್‌ಗೂ ಕೇಬಲ್‌ಗೂ ನಡುವೆ ರೆಸಿಸ್ಟೆನ್ಸ್ ಬಂದು ಕೂರುತ್ತದೆ. ಅದೂ ಕೇಬಲ್‌ನ ಕೆಪಾಸಿಟೆನ್ಸೂ ಸೇರಿ ತೀಕ್ಷ್ಣ ಸ್ವರಗಳನ್ನು ಸೋರಿಸಿಬಿಡುತ್ತವೆ. ಪರಿಹಾರಕ್ಕೆ ಟ್ರೆಬಲ್ ಬ್ಲೀಡ್ ಅಂತ ಹೆಸರು. ಸುಮಾರು 1,000 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್, ಅದರ ಜೊತೆ ಪಕ್ಕಪಕ್ಕ 150 ಕಿಲೋ ಓಮ್‌ನ ಒಂದು ರೆಸಿಸ್ಟರ್. ಈ ಜೋಡಿಯನ್ನು ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿಗೂ ಹೊರಹೋಗುವ ಕಾಲಿಗೂ ನಡುವೆ ಬೆಸೆದರೆ ತೀಕ್ಷ್ಣ ಸ್ವರಗಳಿಗೆ ಅಡ್ಡದಾರಿ ಸಿಗುತ್ತದೆ. ಎರಡು ಪುಟಾಣಿ ಬಿಡಿಭಾಗ, ಹತ್ತು ನಿಮಿಷದ ಕೆಲಸ. ನಾಬ್ ಪೂರ್ತಿ ಏರಿಸಿದಾಗ ಇದು ಇದ್ದೂ ಇಲ್ಲದ ಹಾಗೆ. ಇದನ್ನು ಮಾಡಿಸಿಕೊಂಡು, ಇಳಿಸಿದಾಗ ದನಿ ತೆಳುವಾಯಿತು ಅಂತ ಕಿತ್ತುಹಾಕಿದವರೂ ಇದ್ದಾರೆ. ಅವರಿಗೆ ಆ ಮಂಕೇ ಇಷ್ಟವಿತ್ತು ಅಂತ ಆಮೇಲೆ ಗೊತ್ತಾಯಿತು.

ಗುಂಯ್ ಸದ್ದಿನಲ್ಲಿ ಎರಡು ಬಗೆ. ತಂತಿಗಳನ್ನು ಕೈಯಿಂದ ಮುಟ್ಟಿದ ಕೂಡಲೇ ತಗ್ಗುವುದು ಒಂದು. ಗಿಟಾರ್ ಹಿಡಿದು ನೀವು ಸುತ್ತ ತಿರುಗಿದಾಗ ಒಂದು ದಿಕ್ಕಿನಲ್ಲಿ ಏರಿ, ಇನ್ನೊಂದು ದಿಕ್ಕಿನಲ್ಲಿ ಇಳಿಯುವುದು ಮತ್ತೊಂದು. ಮೊದಲನೆಯದಕ್ಕೆ ಪಿಕಪ್, ವೈರ್ ಕೂರಲು ಮರದಲ್ಲಿ ಕೊರೆದ ಗುಳಿಗಳಿಗೆ ತಾಮ್ರದ ಟೇಪ್ ಅಂಟಿಸಿ ಅರ್ತ್‌ಗೆ ಸೇರಿಸಿದರೆ ಒಳ್ಳೆ ಗುಣ ಕಾಣುತ್ತದೆ. ಎರಡನೆಯದು ವಿದ್ಯುತ್ ಜಾಲದ 50 ಅಥವಾ 60 ಹರ್ಟ್ಸ್ ಕಾಂತಕ್ಷೇತ್ರ. ಅದನ್ನು ತಾಮ್ರದ ಟೇಪ್ ತಡೆಯುವುದಿಲ್ಲ, ಎಷ್ಟು ಪದರ ಅಂಟಿಸಿದರೂ ಅಷ್ಟೇ. ಅದನ್ನು ತಡೆಯಲೆಂದೇ ಗಿಬ್ಸನ್ ಕಂಪನಿಯಲ್ಲಿ ಸೆತ್ ಲವರ್ 1955ರಲ್ಲಿ ಹಂಬಕರ್ ರೂಪಿಸಿದರು. ಎರಡು ಸುರುಳಿ, ಒಂದಕ್ಕೊಂದು ವಿರುದ್ಧ. ತಂತಿಯ ದನಿ ಕೂಡುತ್ತದೆ, ಗುಂಯ್ ಕಳೆದುಹೋಗುತ್ತದೆ. ನಿಮ್ಮ ಗಿಟಾರಿನಲ್ಲೇ ಅದೇ ಉಪಾಯ ಅಡಗಿರಬಹುದು. ಇತ್ತೀಚಿನ ಬಹಳಷ್ಟು ಮೂರು ಪಿಕಪ್ ಗಿಟಾರ್‌ಗಳಲ್ಲಿ ಮಧ್ಯದ ಪಿಕಪ್ ಉಲ್ಟಾ ಸುತ್ತಿದ್ದು. ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿ ಗುಂಯ್ ಮಾಯವಾಗುತ್ತದೆಯೇ ನೋಡಿ.

ಈಗ ಗೆಳೆಯರ ಪಟ್ಟಿ.

ಆಯಿಲ್ ಕೆಪಾಸಿಟರ್ ಬೇಡ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಟೋನ್ ಕೆಪಾಸಿಟರ್ ಮಾಡುವ ಕೆಲಸ ತೀಕ್ಷ್ಣ ಸ್ವರಗಳನ್ನು ಅರ್ತ್‌ಗೆ ಹರಿಸುವುದು. ಎಷ್ಟು ಹರಿಸುತ್ತದೆ ಅನ್ನುವುದು ಅದರ ಮೌಲ್ಯದ ಮೇಲಿದೆ, ಕಾಗದವೋ ಎಣ್ಣೆಯೋ ಪ್ಲಾಸ್ಟಿಕ್ಕೋ ಅನ್ನುವುದರ ಮೇಲಲ್ಲ. ಗಿಟಾರಿನೊಳಗಿನ ವೋಲ್ಟೇಜ್ ಅಷ್ಟು ಚಿಕ್ಕದು, ಈ ಭೇದಗಳು ಅಲ್ಲಿ ಕಿವಿಗೆ ಬೀಳುವುದಿಲ್ಲ. ಹಳೇ ಮಾದರಿಯದು ಬೇರೆ ಥರ ಕೇಳಿಸಿತು ಅಂದವರು ಅದನ್ನು ಮೀಟರಿಗೆ ಹಿಡಿದರೆ ಬರೆದದ್ದಕ್ಕೂ ಇರುವುದಕ್ಕೂ ವ್ಯತ್ಯಾಸ ಸಿಗುತ್ತದೆ. ಮೌಲ್ಯವನ್ನೇ ಬದಲಿಸುವುದಾದರೆ ಅದು ಬೇರೆ ಮಾತು. 0.047 ಮೈಕ್ರೋಫ್ಯಾರಡ್ ಇದ್ದರೆ 0.022 ಹಾಕಿ ನೋಡಿ. ನಾಬ್ ಇಳಿಸಿದಾಗ ದನಿ ಕಂಬಳಿ ಹೊದ್ದ ಹಾಗಾಗದೆ ಸ್ವಲ್ಪ ಬಾಯಿ ಬಿಡುತ್ತದೆ. ಅತ್ಯಂತ ಅಗ್ಗದ ಕೆಪಾಸಿಟರ್ ಸಾಕು.

ಮೂಳೆಯ ನಟ್? ನಟ್ ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ. ತಂತಿಯನ್ನು ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಗೆರೆ) ಮೇಲೆ ಒತ್ತಿದ ಮರುಕ್ಷಣ ಆ ತಂತಿಗೆ ನಟ್ ಲೆಕ್ಕಕ್ಕಿಲ್ಲ. ಹಾಗಾಗಿ ಅದು ಮೂಳೆಯದೋ ಪ್ಲಾಸ್ಟಿಕ್‌ನದೋ ಅನ್ನುವುದು ಎಲ್ಲೂ ಒತ್ತದೆ ನುಡಿಸುವ ತಂತಿಗಳಿಗೆ ಮಾತ್ರ ಸಂಬಂಧಿಸಿದ್ದು. ಆದರೆ ತಂತಿ ಎಳೆದು ನುಡಿಸಿದ ಮೇಲೆ ಶ್ರುತಿ ತಪ್ಪುತ್ತಿದ್ದರೆ, ಶ್ರುತಿ ಮಾಡುವಾಗ ಟಿಂಗ್ ಅಂತ ಸದ್ದು ಬಂದರೆ, ನಟ್‌ನ ಕಚ್ಚು ತಂತಿಯನ್ನು ಹಿಡಿದುಕೊಳ್ಳುತ್ತಿದೆ. ಆಗ ಕಚ್ಚನ್ನು ಸರಿಯಾಗಿ ಅರದಿಂದ ಉಜ್ಜಿಸಿ. ಟ್ರೆಮೊಲೊ, ಅಂದರೆ ಹಿಡಿಕೆಯಿಂದ ಸ್ವರ ಅಲುಗಿಸುವ ಬ್ರಿಡ್ಜ್, ಅದರ ಸ್ಟೀಲ್ ಬ್ಲಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಮೂರು ದೂರುಗಳಲ್ಲಿ ಒಂದಕ್ಕೂ ಅದು ಉತ್ತರವಲ್ಲ.

ಉಳಿದದ್ದು ಪಿಕಪ್. ಪಿಕಪ್ ಬದಲಿಸಿದರೆ ಟೋನ್ ಬದಲಾಗುತ್ತದೆ, ಅದು ಸುಳ್ಳಲ್ಲ. ಸಿಂಗಲ್ ಕಾಯಿಲ್ ತೆಗೆದು ಹಂಬಕರ್ ಹಾಕಿದರೆ ಅದು ಬೇರೆ ವಾದ್ಯವೇ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಮಾಡಿದ್ದೂ ಅದನ್ನೇ. ಸ್ಟ್ರ್ಯಾಟ್ ಆಕಾರದ ಮರಕ್ಕೆ ಗಿಬ್ಸನ್‌ನ ಹಂಬಕರ್ ಕೂರಿಸಿದರು. ಟ್ರೆಮೊಲೊ ಒಂದರದ್ದು, ದಪ್ಪ ದನಿ ಇನ್ನೊಂದರದ್ದು. ಎರಡೂ ಒಟ್ಟಿಗೆ ಬೇಕಿತ್ತು, ಅಂಗಡಿಯಲ್ಲಿ ಸಿಗಲಿಲ್ಲ, ಮಾಡಿಕೊಂಡರು. ಬೇಕಾದದ್ದು ಮೊದಲು, ಮಾಡ್ ಆಮೇಲೆ. ನಿಮ್ಮ ಐದು ಸ್ಥಾನದ ಸ್ವಿಚ್ಚಿನ ಕತೆಯೂ ಹಾಗೇ. ಮೊದಲು ಇದ್ದದ್ದು ಮೂರು ಸ್ಥಾನ. ನುಡಿಸುವವರು ಸ್ವಿಚ್ಚನ್ನು ಎರಡರ ನಡುವೆ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಕೇಳುತ್ತಿದ್ದರು. 1977ರಲ್ಲಿ ಸ್ಟ್ರ್ಯಾಟೋಕಾಸ್ಟರ್ ತಯಾರಿಸುವ ಫೆಂಡರ್ ಕಂಪನಿ ಅದನ್ನೇ ಐದು ಸ್ಥಾನದ ಸ್ವಿಚ್ ಮಾಡಿ ಕೊಟ್ಟಿತು. ಇನ್ನೊಂದು ಕಡೆ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರ್ ನೋಡಿ. ಕುತ್ತಿಗೆ ಕಡೆಯ ಪಿಕಪ್‌ನ ಅಯಸ್ಕಾಂತ ಉಲ್ಟಾ ಕೂತಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ದನಿ ಮೂಗಿನಿಂದ ಬಂದ ಹಾಗೆ, ಟೊಳ್ಳು ಟೊಳ್ಳು. ಪುಸ್ತಕದ ಪ್ರಕಾರ ಅದು ತಪ್ಪು ಜೋಡಣೆ. ಆ ತಪ್ಪನ್ನು ಇವತ್ತು ಜನ ಬೇಕಂತಲೇ ಮಾಡಿಸಿಕೊಳ್ಳುತ್ತಾರೆ!

ಆದರೆ ಸಿಂಗಲ್ ಕಾಯಿಲ್ ತೆಗೆದು ಇನ್ನೊಂದು ಸಿಂಗಲ್ ಕಾಯಿಲ್ ಹಾಕುವುದಾದರೆ ನಿಧಾನಿಸಿ. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಕೆಲಸ ಶುರು ಮಾಡಿದ ಹೊಸತರಲ್ಲಿ ನನ್ನ ಗಿಟಾರಿನ ಪಿಕಪ್‌ಗಳನ್ನು ಬದಲಿಸಿದೆ. ನುಡಿಸಿದ ಕೂಡಲೇ ಸ್ವರ್ಗ. ಹಳೆಯವು ಕಸ ಅಂತ ಡಬ್ಬಿಗೆ ಹಾಕಿಟ್ಟೆ. ವರ್ಷ ಕಳೆದ ಮೇಲೆ ಬೇರೆ ಗಿಟಾರ್ ಒಂದನ್ನು ಜೋಡಿಸುವಾಗ ಕೈಗೆ ಸಿಕ್ಕಿದವು ಅಂತ ಸುಮ್ನೆ ಅವನ್ನೇ ಹಾಕಿದೆ. ಅದೂ ಸ್ವರ್ಗ! ಯೋಚಿಸಿದಾಗ ಹೊಳೆಯಿತು. ಪಿಕಪ್ ಬದಲಿಸಲು ಹಳೇ ತಂತಿ ತೆಗೆಯಲೇಬೇಕು. ತೆಗೆದ ಮೇಲೆ ಹೊಸ ತಂತಿ ಹಾಕಿದ್ದೆ. ಪಿಕಪ್ ಎತ್ತರವನ್ನೂ ಹೊಸದಾಗಿ ಹೊಂದಿಸಿದ್ದೆ. ಹೊಸ ಪಿಕಪ್‌ನ ದನಿ ಸ್ವಲ್ಪ ಜೋರಾಗಿಯೂ ಇತ್ತು. ಎರಡು ದನಿಗಳಲ್ಲಿ ಒಂದು ಚೂರು ಜೋರಾಗಿದ್ದರೆ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ, ಜೋರಾಗಿದೆ ಅನ್ನುವುದಿಲ್ಲ. ಹಳೇ ತಂತಿಯ ಜಂಗಿನ ಪಾಪವನ್ನೆಲ್ಲ ಬಡಪಾಯಿ ಪಿಕಪ್ ಹೊತ್ತಿತ್ತು.

ಹಾಗಾಗಿ ಎಲ್ಲಕ್ಕಿಂತ ಮೊದಲು ಹೊಸ ತಂತಿ ಹಾಕಿ, ಆಮೇಲೆ ಪಿಕಪ್ ಎತ್ತರ. ಇದಕ್ಕೆ ಬೇಕಾದ್ದು ಒಂದು ಸ್ಕ್ರೂಡ್ರೈವರ್ ಅಷ್ಟೇ. ತಂತಿಯನ್ನು ಕೊನೆಯ ಫ್ರೆಟ್ ಮೇಲೆ ಒತ್ತಿ ಹಿಡಿದು, ಪಿಕಪ್‌ನ ಅಯಸ್ಕಾಂತದ ತಲೆಗೂ ತಂತಿಯ ಕೆಳಭಾಗಕ್ಕೂ ಇರುವ ಸಂದು ಅಳೆಯಿರಿ. ದಪ್ಪ ತಂತಿಯ ಕಡೆ 2.5 ಮಿಲಿಮೀಟರ್, ಸಣ್ಣ ತಂತಿಯ ಕಡೆ 2 ಮಿಲಿಮೀಟರ್ ಹತ್ತಿರ ಇಟ್ಟು ಶುರು ಮಾಡಿ. ಅಲ್ಲಿಂದ ಸ್ಕ್ರೂ ಅರ್ಧ ಸುತ್ತು ಏರಿಸಿ ಕೇಳಿ, ಅರ್ಧ ಸುತ್ತು ಇಳಿಸಿ ಕೇಳಿ. ಹತ್ತಿರ ತಂದಷ್ಟೂ ದನಿ ಜೋರು, ಗಡಸು. ದೂರ ಸರಿಸಿದಷ್ಟೂ ಮೆತ್ತಗೆ, ಗಾಳಿ ಆಡಿದ ಹಾಗೆ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯತೊಡಗುತ್ತದೆ. ದಪ್ಪ ತಂತಿಯಲ್ಲಿ ಮೇಲಿನ ಫ್ರೆಟ್‌ಗಳ ಸ್ವರ ಅಲುಗಾಡುತ್ತದೆ, ಎರಡು ಸ್ವರ ಜಗಳವಾಡಿದಂತೆ ಕೇಳುತ್ತದೆ. ಶ್ರುತಿ ಎಷ್ಟು ಸಲ ಸರಿಮಾಡಿದರೂ ಸರಿಹೋಗದ ಗಿಟಾರ್ ಅಂತ ನನ್ನ ಹತ್ತಿರ ಬಂದವುಗಳಲ್ಲಿ ಎಷ್ಟಕ್ಕೋ ಇದೇ ರೋಗ ಇತ್ತು. ಬ್ರಿಡ್ಜ್ ಪಿಕಪ್‌ನ ಸಣ್ಣ ತಂತಿಯ ಕಡೆಯನ್ನು ಸ್ವಲ್ಪ ಇಳಿಸಿದರೆ ನಿಮ್ಮ ಚುಚ್ಚು ಇನ್ನಷ್ಟು ತಗ್ಗುತ್ತದೆ.

ಸ್ಕ್ರೂಡ್ರೈವರ್ ಜಾರದಂತೆ ನೋಡಿಕೊಳ್ಳಿ. ಮೇಲುಮುಚ್ಚಳ ತೆಗೆದ ಪಿಕಪ್ ಮೇಲೆ ನನ್ನದು ಒಮ್ಮೆ ಜಾರಿತ್ತು. ಆ ಕೂದಲಿನಂಥ ತಂತಿ ಒಂದು ಕಡೆ ಕಡಿದರೂ ಮುಗಿಯಿತು, ಪಿಕಪ್ ಸತ್ತ ಹಾಗೆ.

ಒಂದು ವಿಷಯ ನಿಮ್ಮ ಗೆಳೆಯರು ಯಾರೂ ಎತ್ತಲಿಲ್ಲ, ಆಂಪ್, ಅಂದರೆ ದನಿ ಜೋರು ಮಾಡುವ ಆಂಪ್ಲಿಫೈಯರ್. ಗಿಟಾರ್ ಆಂಪ್‌ನ ಸ್ಪೀಕರ್ 5,000 ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ಹೊರಡಿಸುವುದಿಲ್ಲ. ಅದರ ಕೆಳಗಿನದನ್ನೂ ತನ್ನದೇ ಏರಿಳಿತದಲ್ಲಿ ಹೊರಡಿಸುತ್ತದೆ. ಸ್ಪೀಕರ್ ಬದಲಿಸಿದಾಗ ಆಗುವ ವ್ಯತ್ಯಾಸದ ಮುಂದೆ ಒಂದೇ ಜಾತಿಯ ಎರಡು ಪಿಕಪ್‌ಗಳ ವ್ಯತ್ಯಾಸ ಏನೂ ಅಲ್ಲ. ಅದಕ್ಕಿಂತ ಸುಲಭದ್ದು, ಆಂಪ್ ಎಲ್ಲಿದೆ ಅನ್ನುವುದು. ಸ್ಪೀಕರ್ ತೀಕ್ಷ್ಣ ಸ್ವರಗಳನ್ನು ಟಾರ್ಚಿನ ಬೆಳಕಿನ ಹಾಗೆ ನೇರ ಮುಂದಕ್ಕೆ ಎಸೆಯುತ್ತದೆ. ಆಂಪ್ ನೆಲದ ಮೇಲಿದ್ದು ನೀವು ನಿಂತು ನುಡಿಸಿದರೆ ಆ ಬೆಳಕು ಬೀಳುವುದು ನಿಮ್ಮ ಮೊಣಕಾಲಿಗೆ. ಸಾಲದು ಅಂತ ಟ್ರೆಬಲ್ ಏರಿಸುತ್ತೀರಿ. ಒಂದು ದಿನ ಎದುರಿಗೆ ಕೂತಾಗ ಕಿವಿಗೆ ಸೂಜಿ! ಪಿಕಪ್‌ಗೆ ಬೈಯುವ ಮೊದಲು ಆಂಪನ್ನು ಕುರ್ಚಿಯ ಮೇಲಿಟ್ಟು, ಕಿವಿಯ ಕಡೆ ತಿರುಗಿಸಿ, ಟ್ರೆಬಲ್ ಹೊಸದಾಗಿ ಹೊಂದಿಸಿ.

ಇಷ್ಟೆಲ್ಲ ಆದ ಮೇಲೂ ಪಿಕಪ್ ಬದಲಿಸಬೇಕು ಅನ್ನಿಸಿದರೆ ಧಾರಾಳವಾಗಿ ಬದಲಿಸಿ. ಆದರೆ ಮೋಸಹೋಗದ ಹಾಗೆ ಮಾಡಿ. ಬದಲಿಸುವ ಹಿಂದಿನ ದಿನ ಹೊಸ ತಂತಿ ಹಾಕಿ, ಎಂಟು ಹತ್ತು ಸೆಕೆಂಡಿನ ಒಂದೆರಡು ತುಣುಕು ನುಡಿಸಿ, ಆಂಪ್ ಇಲ್ಲದೆ ನೇರವಾಗಿ ರೆಕಾರ್ಡ್ ಮಾಡಿ. ಬದಲಿಸಿದ ಮೇಲೂ ಹೊಸ ತಂತಿಯನ್ನೇ ಹಾಕಿ, ಸಂದು ಅಷ್ಟೇ ಇಟ್ಟು, ಅದೇ ತುಣುಕು ನುಡಿಸಿ. ಎರಡರ ಜೋರನ್ನೂ ಸಮ ಮಾಡಿ. ಯಾವುದು ಯಾವುದೆಂದು ಹೇಳದೆ ಕೇಳಿಸಲು ಆ ಗೆಳೆಯನಿಗೇ ಹೇಳಿ. ಹತ್ತು ಸಲದಲ್ಲಿ ಎಂಟೊಂಬತ್ತು ಸಲ ಸರಿಯಾಗಿ ಗುರುತಿಸಿ, ಹೊಸದನ್ನೇ ಮೆಚ್ಚಿದರೆ ಆ ಖರ್ಚು ನಿಮಗೆ ಸಾರ್ಥಕ. ಹಳೆಯ ಪಿಕಪ್‌ಗಳನ್ನು ಬಿಸಾಡಬೇಡಿ. ಬೆಸುಗೆ ಬಿಚ್ಚುವ ಮೊದಲು ಒಳಗಿನ ವೈರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮರ ಕೊರೆಯುವ ಕೆಲಸಕ್ಕೆ ಮಾತ್ರ ಈಗಲೇ ಕೈ ಹಾಕಬೇಡಿ. ವೈರ್ ಮತ್ತೆ ಬೆಸೆಯಬಹುದು, ಕೊರೆದ ಮರ ಬೆಳೆಯುವುದಿಲ್ಲ.

ಮೊದಲ ವಾರ ತಂತಿ, ಪಿಕಪ್ ಎತ್ತರ, ಆಂಪ್. ಎರಡನೆಯ ವಾರ ಆ ತುಂಡು ವೈರ್, ಬೇಕಿದ್ದರೆ ಟ್ರೆಬಲ್ ಬ್ಲೀಡ್. ನಾಬ್ 6ರಲ್ಲಿಟ್ಟ ಮೇಲೂ ಬ್ರಿಡ್ಜ್ ಪಿಕಪ್ ಚುಚ್ಚುತ್ತಿದ್ದರೆ ಪಾಟ್‌ನ ಬೆನ್ನ ಮೇಲಿನ ಸಂಖ್ಯೆ, ಕೇಬಲ್‌ನ ಉದ್ದ, ಕೊನೆಯ ಫ್ರೆಟ್ ಒತ್ತಿದಾಗಿನ ಸಂದು, ಈ ಮೂರನ್ನು ಬರೆದು ಕಳಿಸಿ. ಯಾವ ಪಿಕಪ್ ಅಂತ ಆಮೇಲೆ ಮಾತಾಡೋಣ.